ಮಾತಾಡದ ಗೊಂಬೆ: ಒಂದು ಕಥೆ ಅಟ್ಲಾಂಟಿಕ್ ದಾಟಿದ ಪ್ರಕರಣ

ಹಲಸಿನ ಹಣ್ಣು ಬಿಡಿಸಿದವರಿಗೆ ಈ ಕಥೆ ಅರ್ಧ ಆಗಲೇ ಗೊತ್ತು. ಕೈಗೆ ಎಣ್ಣೆ ಹಚ್ಚಿಕೊಳ್ಳದೆ ತೊಳೆಗೆ ಕೈ ಹಾಕಿದರೆ ಮೇಣ ಹಿಡಿಯುತ್ತದೆ. ಅದನ್ನು ಬಿಡಿಸಲು ಇನ್ನೊಂದು ಕೈ ತಂದರೆ ಅದಕ್ಕೂ ಮೆತ್ತುತ್ತದೆ. ಸಿಟ್ಟು ಬಂದು ಉಜ್ಜಿದಷ್ಟೂ ಜಾಸ್ತಿ ಆಗುತ್ತದೆ. ನಮ್ಮ ಅಜ್ಜಿ ಮೊದಲು ಕೊಬ್ಬರಿ ಎಣ್ಣೆ ಬಟ್ಟಲು ತಂದಿಟ್ಟು, ಆಮೇಲೇ ಕತ್ತಿ ಮುಟ್ಟುತ್ತಿದ್ದರು.

ಈಗ ಆ ಮೇಣವನ್ನು ಒಂದು ಗೊಂಬೆಗೆ ಬಳಿದು ದಾರಿಯಲ್ಲಿ ನಿಲ್ಲಿಸಿ. ತಾನೇ ಬುದ್ಧಿವಂತ ಅಂದುಕೊಂಡ ಒಬ್ಬ ಆ ದಾರಿಯಲ್ಲಿ ಬರುತ್ತಾನೆ. ಗೊಂಬೆಯನ್ನು ಮಾತಾಡಿಸುತ್ತಾನೆ. ಗೊಂಬೆ ಸುಮ್ನೆ ನಿಂತಿರುತ್ತದೆ. ಇವನಿಗೆ ಸಿಟ್ಟು ಬರುತ್ತದೆ, ಒಂದು ಏಟು ಕೊಡುತ್ತಾನೆ. ಕೈ ಅಂಟುತ್ತದೆ. ಬಿಡು ಅಂತ ಇನ್ನೊಂದು ಕೈಯಿಂದ ಹೊಡೆಯುತ್ತಾನೆ, ಅದೂ ಅಂಟುತ್ತದೆ. ಆಮೇಲೆ ಕಾಲು, ಇನ್ನೊಂದು ಕಾಲು, ಕೊನೆಗೆ ತಲೆ.

ಕಥೆ ಇಷ್ಟೇ. ಘಾನಾದಲ್ಲಿ ಇದು ಜೇಡನ ಕಥೆ. ನೈಜೀರಿಯಾದ ಯೊರುಬಾ ಜನರಲ್ಲಿ ಆಮೆಯ ಕಥೆ. ಬ್ರೆಜಿಲ್‌ನಲ್ಲಿ ಕೋತಿ ಮತ್ತು ಮೇಣದ ಹುಡುಗನ ಕಥೆ. ಅಮೆರಿಕದ ಜಾರ್ಜಿಯಾದಲ್ಲಿ ಮೊಲದ ಕಥೆ. ಪಶ್ಚಿಮ ಆಫ್ರಿಕಾದಿಂದ ಹೊರಟ ಕಿಲಾಡಿ ಕಥೆಗಳು ನೂರಾರು ಇವೆ. ಅವುಗಳಲ್ಲಿ ಇದೊಂದನ್ನೇ ಹಿಡಿದು ನೋಡುವುದಕ್ಕೆ ಕಾರಣ ಇದೆ. ಈ ಕಥೆ ಯಾರದು ಅಂತ ನಡೆದಷ್ಟು ವಾದ ಇನ್ನೊಂದರ ಬಗ್ಗೆ ನಡೆದಿಲ್ಲ. ಆ ವಾದದಲ್ಲಿ ಭಾರತದ ಹೆಸರೂ ಇದೆ.

ಇಂಗ್ಲಿಷಿನಲ್ಲಿ ಇದಕ್ಕೆ 'ಡಾಂಬರು ಕೂಸು' ಎನ್ನುವ ಅರ್ಥದ ಹೆಸರಿದೆ. ಕಪ್ಪು ಜನರನ್ನು ಹೀಯಾಳಿಸಲು ಅದೇ ಮಾತನ್ನು ಬಳಸಿದ್ದೂ ಉಂಟು. ಹಾಗಾಗಿ ಇಲ್ಲಿ ಅಂಟುಗೊಂಬೆ ಅಂತಲೇ ಕರೆಯುತ್ತೇನೆ.

ಓಡುಮ್ ಮರದ ಬುಡದಲ್ಲಿ

ಘಾನಾದ ಅಸಾಂಟೆ ಜನರ ಟ್ವಿ ಭಾಷೆಯಲ್ಲಿ 'ಅನಾನ್ಸೆ' ಅಂದರೆ ಜೇಡ. ಕಥೆಯ ಜೇಡನ ಪೂರ್ತಿ ಹೆಸರು ಕ್ವಾಕು ಅನಾನ್ಸೆ. ಕ್ವಾಕು ಅಂದರೆ ಬುಧವಾರ ಹುಟ್ಟಿದ ಗಂಡು. ಅಲ್ಲಿ ಹುಟ್ಟಿದ ವಾರವೂ ಹೆಸರಿಗೆ ಸೇರುತ್ತದೆ. ಅವನಿಗೆ ಅಸೊ ಅಂತ ಹೆಂಡತಿ, ನ್ಟಿಕುಮ ಅಂತ ಮಗ. ಜೇಡ ಇರಲಿ ಇಲ್ಲದಿರಲಿ, ಈ ಬಗೆಯ ಕಥೆಗಳನ್ನೆಲ್ಲ 'ಅನಾನ್ಸೆಸೆಮ್' ಅಂತಲೇ ಕರೆಯುತ್ತಾರೆ. ಜೇಡನ ಮಾತು ಅಂತ ಅರ್ಥ.

ಬ್ರಿಟಿಷ್ ಸರ್ಕಾರದ ಮಾನವಶಾಸ್ತ್ರಜ್ಞ ಆರ್. ಎಸ್. ರಾಟ್ರೆ ಈ ಕಥೆಗಳನ್ನು ಸಂಗ್ರಹಿಸಿ 1930ರಲ್ಲಿ ಪ್ರಕಟಿಸಿದರು. ಒಂದು ಕಡೆ ಟ್ವಿ, ಎದುರಿಗೆ ಇಂಗ್ಲಿಷ್. ಚಿತ್ರಗಳನ್ನು ಬರೆದವರು ಅಲ್ಲಿನ ಕಲಾವಿದರೇ. ಕಥೆಯನ್ನು ಕತ್ತಲಾದ ಮೇಲೆ ಮಾತ್ರ ಹೇಳುತ್ತಾರೆ ಅಂತ ರಾಟ್ರೆ ಬರೆದಿದ್ದಾರೆ. ಶುರು ಮಾಡುವಾಗ ಒಂದು ಮಾತು ಇದೆ: ನಾವು ಹೇಳುವುದು ನಿಜ ಅಂತ ನಾವೇನೂ ಹೇಳುತ್ತಿಲ್ಲ, ನಿಜ ಅಂತ ಹೇಳುತ್ತಿಲ್ಲ. ಮುಗಿಸುವಾಗ ಇನ್ನೊಂದು: ನನ್ನ ಕಥೆ ಸಿಹಿಯಾಗಿರಲಿ, ಇಲ್ಲದಿರಲಿ, ಸ್ವಲ್ಪ ತಗೊಂಡು ಹೋಗಿ, ಸ್ವಲ್ಪ ನನಗೇ ವಾಪಸ್ ಬರಲಿ.

ಅಂಟುಗೊಂಬೆ ಅಸಾಂಟೆಯಲ್ಲಿ ಬರುವುದು ಎಲ್ಲ ಕಥೆಗಳಿಗೂ ಮೂಲವಾದ ಕಥೆಯಲ್ಲೇ. ಆಗ ಕಥೆಗಳೆಲ್ಲ ಆಕಾಶದ ದೇವರು ನ್ಯಾಮೆಯ ಹತ್ತಿರ ಇದ್ದವು. ಅನಾನ್ಸೆ ಹೋಗಿ ಅವನ್ನು ಕೊಡು ಅಂದ. ದೇವರು ಬೆಲೆ ಹೇಳಿದ: ಹೆಬ್ಬಾವು, ಚಿರತೆ, ಕಣಜದ ಹುಳುಗಳು, ಕಾಡಿನ ಕಿನ್ನರಿ ಮೊಆಟಿಯಾ. ಎಲ್ಲವನ್ನೂ ಹಿಡಿದು ತರಬೇಕು. ದೊಡ್ಡ ದೊಡ್ಡ ಊರಿನವರ ಕೈಯಲ್ಲೇ ಆಗದ ಕೆಲಸ, ಈ ಪುಟ್ಟ ಜೇಡನಿಂದ ಆಗುತ್ತದಾ?

ಕಿನ್ನರಿಯನ್ನು ಹಿಡಿದ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಅನಾನ್ಸೆ ಮರದಲ್ಲಿ ಒಂದು ಆಕುಆ ಗೊಂಬೆ ಕೆತ್ತಿದ. ಮಕ್ಕಳಾಗಲಿ ಅಂತ ಅಲ್ಲಿನ ಹೆಂಗಸರು ಬೆನ್ನಿಗೆ ಕಟ್ಟಿಕೊಳ್ಳುವ, ಚಪ್ಪಟೆ ಮುಖದ ಗೊಂಬೆ ಅದು. ಮರದ ಹಾಲು ಇಳಿಸಿ ತಂದು ಗೊಂಬೆಯ ಮೈಗೆಲ್ಲ ಬಳಿದ. ಯಾಮ್ ಗೆಡ್ಡೆ ಬೇಯಿಸಿ ಕುಟ್ಟಿ, ಸ್ವಲ್ಪ ಗೊಂಬೆಯ ಕೈಗೆ ಹಚ್ಚಿ, ಉಳಿದದ್ದನ್ನು ಹಿತ್ತಾಳೆ ಬೋಗುಣಿಯಲ್ಲಿ ಮುಂದೆ ಇಟ್ಟ. ಗೊಂಬೆಯ ಸೊಂಟಕ್ಕೆ ದಾರ ಕಟ್ಟಿ, ಇನ್ನೊಂದು ತುದಿ ಹಿಡಿದು ಮರೆಯಲ್ಲಿ ಕುಳಿತ. ಜಾಗ ಓಡುಮ್ ಮರದ ಬುಡ. ಕಿನ್ನರಿಯರು ಆಡಲು ಬರುವುದು ಅಲ್ಲಿಗೇ.

ಕಿನ್ನರಿ ಬಂದಳು. "ಆಕುಆ, ಇದರಲ್ಲಿ ಸ್ವಲ್ಪ ತಿನ್ನಲಾ?" ಅಂತ ಕೇಳಿದಳು. ಅನಾನ್ಸೆ ದಾರ ಎಳೆದ, ಗೊಂಬೆ ತಲೆಯಾಡಿಸಿತು. ತಿಂದಳು. ತಿಂದಾದ ಮೇಲೆ ಗೊಂಬೆಗೆ ಉಪಕಾರ ಆಯ್ತು ಅಂದಳು. ಉತ್ತರ ಇಲ್ಲ. "ನಾನು ಮಾತಾಡಿಸಿದರೆ ಇವಳು ಮಾತೇ ಆಡುವುದಿಲ್ಲವಲ್ಲ" ಅಂತ ಅಕ್ಕನಿಗೆ ಹೇಳಿದಳು. "ಅವಳ ಅಳುವ ಜಾಗಕ್ಕೆ ಒಂದು ಬಾರಿಸು" ಅಂದಳು ಅಕ್ಕ. ಅಳುವ ಜಾಗ ಅಂದರೆ ಕೆನ್ನೆ. ಪಟಾರ್ ಅಂತ ಒಂದು ಬಿತ್ತು. ಕೈ ಅಲ್ಲೇ ಉಳಿಯಿತು.

ಈ ದೃಶ್ಯದಲ್ಲಿ ಒಂದು ವಿಷಯ ಗಮನಿಸಿ. ಕಿನ್ನರಿ ಸಿಕ್ಕಿಬಿದ್ದದ್ದು ದುರಾಸೆಯಿಂದ ಅಲ್ಲ. ಅವಳು ಕೇಳಿಯೇ ತಿಂದಳು, ತಿಂದ ಮೇಲೆ ಉಪಕಾರವನ್ನೂ ನೆನೆದಳು. ಸಿಕ್ಕಿಬಿದ್ದದ್ದು ಎದುರಿಗಿದ್ದವಳು ತಿರುಗಿ ಮಾತಾಡಲಿಲ್ಲ ಎನ್ನುವ ನೋವಿನಿಂದ. ದಾರಿಯಲ್ಲಿ ಸಿಕ್ಕವರನ್ನು "ಊಟ ಆಯ್ತಾ?" ಅಂತ ಕೇಳಿ, ಅವರು ಮುಖ ತಿರುಗಿಸಿಕೊಂಡು ಹೋದರೆ ನಮ್ಮ ಹೊಟ್ಟೆಯಲ್ಲೂ ಏನೋ ಉರಿಯುತ್ತದೆ, ಅಲ್ವಾ? ಆ ಉರಿಯೇ ಈ ಬಲೆಯ ದಾರ. ಅಂಟು ಆಮೇಲಿನ ಮಾತು. ಮುಂದೆ ಈ ಕಥೆ ಯಾರದು ಅಂತ ನೋಡುವಾಗ ಇದೇ ನನಗೆ ಮುಖ್ಯವಾಗುತ್ತದೆ.

ಘಾನಾದಲ್ಲೇ ಇದರ ಇನ್ನೊಂದು ರೂಪ ಇದೆ. ಅಲ್ಲಿ ಬಲೆಗೆ ಬೀಳುವವನು ಅನಾನ್ಸೆಯೇ. ಹೊಲದಲ್ಲಿ ಒಳ್ಳೆ ಬೆಳೆ ಬಂದಿದೆ. ಹೆಂಡತಿ ಮಕ್ಕಳಿಗೆ ಕೊಡದೆ ತಾನೊಬ್ಬನೇ ತಿನ್ನಬೇಕು ಅಂತ ಅವನಿಗೆ ಆಸೆ. ಸತ್ತ ಹಾಗೆ ನಟಿಸಿ, ಹೊಲದಲ್ಲೇ ಹೂಳಿಸಿಕೊಂಡು, ರಾತ್ರಿ ಎದ್ದು ತಿನ್ನುತ್ತಾನೆ. ಕಳ್ಳ ಯಾರು ಅಂತ ತಿಳಿಯಲು ಮಗ ಅಂಟು ಬಳಿದ ಬೆರ್ಚಪ್ಪನನ್ನು ನಿಲ್ಲಿಸುತ್ತಾನೆ. ಬೆಳಗ್ಗೆ ಮನೆಯವರೆಲ್ಲ ಬಂದು ನೋಡಿದರೆ, ಸತ್ತ ಅಪ್ಪ ಬೆರ್ಚಪ್ಪನಿಗೆ ಅಂಟಿಕೊಂಡಿದ್ದಾನೆ. ನಾಚಿಕೆಯಿಂದ ಅವನು ಮನೆಯ ಮೂಲೆ ಸೇರುತ್ತಾನೆ. ಜೇಡ ಇವತ್ತಿಗೂ ಸೂರಿನ ಮೂಲೆಯಲ್ಲಿ ಇರುವುದು ಅದಕ್ಕೇ ಅಂತ ಕಥೆ ಹೇಳುತ್ತದೆ.

ಹಡಗಿನಲ್ಲಿ ಏನು ಬಂತು

ಸುಮಾರು 350 ವರ್ಷಗಳಲ್ಲಿ ಆಫ್ರಿಕಾದಿಂದ ಸುಮಾರು 1.25 ಕೋಟಿ ಜನರನ್ನು ಗುಲಾಮರ ಹಡಗುಗಳಿಗೆ ತುಂಬಿದರು. ಜೀವಂತವಾಗಿ ಆಚೆ ದಡ ತಲುಪಿದವರು ಸುಮಾರು 1.07 ಕೋಟಿ. ಎರಡು ಲೆಕ್ಕದ ನಡುವೆ ಇರುವ ಲಕ್ಷಾಂತರ ಜನ ಸಮುದ್ರದಲ್ಲೇ ಹೋದರು. ಜಮೈಕಾ ಒಂದರಲ್ಲೇ ಇಳಿದವರು ಸುಮಾರು 10 ಲಕ್ಷ. ಈಗಿನ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ನೇರವಾಗಿ ಬಂದವರು 4 ಲಕ್ಷಕ್ಕಿಂತ ಸ್ವಲ್ಪ ಕಡಿಮೆ.

ಅವರಿಗೆ ಗಂಟು ಮೂಟೆ ಏನೂ ಇರಲಿಲ್ಲ. ಮೈಮೇಲಿನ ಬಟ್ಟೆಯನ್ನೂ ಕಿತ್ತುಕೊಂಡಿದ್ದರು. ದಡ ಸೇರಿದ ಮೇಲೆ ಹೆಸರನ್ನೂ ಬದಲಿಸಿದರು. ಬಾಯಲ್ಲಿ ಇದ್ದದ್ದು ಮಾತ್ರ ಉಳಿಯಿತು.

ಉಳಿದದ್ದು ಹೇಗೆ ಅಂತ ಗೊತ್ತಾಗುವುದು ಹೆಸರುಗಳಿಂದ. ಜಮೈಕಾದಲ್ಲಿ ಅನಾನ್ಸೆ 'ಅನಾನ್ಸಿ' ಆದ. ಅವನ ಕಥೆಗಳು 'ನ್ಯಾನ್ಸಿ ಕಥೆ' ಆದವು. ಇಂಗ್ಲಿಷ್ ಕಾದಂಬರಿಕಾರ ಮ್ಯಾಥ್ಯೂ ಲೂಯಿಸ್ ಜಮೈಕಾದಲ್ಲಿ ಎರಡು ಕಬ್ಬಿನ ತೋಟಗಳ ಒಡೆಯ. 1816ರ ದಿನಚರಿಯಲ್ಲೇ ಅವನು ನ್ಯಾನ್ಸಿ ಕಥೆಗಳ ಬಗ್ಗೆ ಬರೆದಿದ್ದಾನೆ. ಕೆರಿಬಿಯನ್‌ನ ಕುರಸಾವ್ ದ್ವೀಪದಲ್ಲಿ ಅನಾನ್ಸೆ 'ಕೊಂಪಾ ನಾಂಜಿ'. ಅಮೆರಿಕದ ದಕ್ಷಿಣ ಕೆರೊಲಿನಾ ಕರಾವಳಿಯಲ್ಲಿ ಹೆಸರು ಕಿವಿಯಿಂದ ಕಿವಿಗೆ ಹೋಗಿ 'ಆಂಟ್ ನ್ಯಾನ್ಸಿ' ಆಯಿತು. ಗಂಡು ಜೇಡ ಒಬ್ಬ ಅತ್ತೆಯಾಗಿಬಿಟ್ಟ!

ಇನ್ನೊಂದು ಹೆಸರು ಇದಕ್ಕಿಂತ ಬಲವಾದ ಸಾಕ್ಷಿ. ಅಮೆರಿಕದ ಲೂಯಿಸಿಯಾನಾದ ಕಥೆಗಳಲ್ಲಿ ಕಿಲಾಡಿ ಮೊಲದ ಕೈಯಲ್ಲಿ ಪ್ರತಿ ಸಲ ಪೆಟ್ಟು ತಿನ್ನುವ ಒಬ್ಬ ಪೆದ್ದ ಇದ್ದಾನೆ, ಅವನ ಹೆಸರು 'ಬೂಕಿ'. ಹೈಟಿಯಲ್ಲೂ ಅವನು ಬೂಕಿಯೇ. ಆ ಪದ ಫ್ರೆಂಚ್ ಅಲ್ಲ, ಇಂಗ್ಲಿಷ್ ಅಲ್ಲ. ಸೆನೆಗಲ್‌ನ ವೊಲೊಫ್ ಭಾಷೆಯಲ್ಲಿ ಬೂಕಿ ಅಂದರೆ ಕತ್ತೆಕಿರುಬ. ಅಲ್ಲಿನ ಕಥೆಗಳಲ್ಲೂ ಮೊಲ ಜಾಣ, ಕತ್ತೆಕಿರುಬ ಹೊಟ್ಟೆಬಾಕ ಪೆದ್ದ. ಫ್ರೆಂಚರ ಕಾಲದಲ್ಲಿ ಲೂಯಿಸಿಯಾನಾಕ್ಕೆ ತಂದ ಗುಲಾಮರಲ್ಲಿ ಹೆಚ್ಚಿನವರು ಸೆನೆಗಲ್ ಮತ್ತು ಗ್ಯಾಂಬಿಯಾ ನದಿಗಳ ಕಡೆಯವರು. ಅಮೆರಿಕದಲ್ಲಿ ಕತ್ತೆಕಿರುಬ ಇಲ್ಲ. ಅಲ್ಲಿ ಹುಟ್ಟಿದ ಮಕ್ಕಳು ಅದನ್ನು ಕಂಡವರಲ್ಲ. ಆದರೂ ನೂರಾರು ವರ್ಷ ಅದರ ಹೆಸರನ್ನು ಬಾಯಲ್ಲಿ ಇಟ್ಟುಕೊಂಡರು. 1895ರಲ್ಲಿ ಅಲ್ಸೇ ಫೋರ್ಟಿಯೆ ಪ್ರಕಟಿಸಿದ ಲೂಯಿಸಿಯಾನಾ ಕಥೆಗಳಲ್ಲಿ ಡಾಂಬರಿನ ಪುಟ್ಟ ಮನುಷ್ಯನ ಕಥೆಯೂ ಇದೆ.

ಕಥೆ ಹೇಳುವ ಹೊತ್ತು ಮಾತ್ರ ಎಲ್ಲ ಕಡೆ ರಾತ್ರಿಯೇ. ಹಗಲು ಒಡೆಯನದು. ಜಮೈಕಾದಲ್ಲಿ ಯಾರಾದರೂ ಸತ್ತರೆ ಒಂಬತ್ತು ರಾತ್ರಿ ಜನ ಸೇರಿ ಕೂರುವ ಪದ್ಧತಿ ಇದೆ. ಅಲ್ಲಿ ಅನಾನ್ಸಿ ಕಥೆ ಹೇಳುತ್ತಿದ್ದರು. ಮುಗಿಸುವಾಗ "ಜ್ಯಾಕ್ ಮ್ಯಾಂಡೋರಾ, ಮಿ ನೋ ಚೂಸ್ ನನ್" ಅನ್ನುತ್ತಾರೆ. ಈ ಕಥೆಗೆ ನಾನು ಹೊಣೆ ಅಲ್ಲ ಅಂತ ಅದರ ಧ್ವನಿ. ನಿಜ ಅಂತ ನಾವು ಹೇಳುತ್ತಿಲ್ಲ ಎನ್ನುವ ಅಸಾಂಟೆ ಮಾತಿನ ಮೊಮ್ಮಗಳು ಇದು ಅಂತ ನನಗೆ ಅನಿಸುತ್ತದೆ. ಒಡೆಯನ ಕಿವಿ ಹತ್ತಿರದಲ್ಲೇ ಇರುವ ಜಾಗದಲ್ಲಿ ಅಂಥ ಒಂದು ಮಾತು ಬೇಕೇ ಬೇಕಿತ್ತು.

ಆಫ್ರಿಕಾದಿಂದ ಬಲವಂತವಾಗಿ ಹೊರಟವರು ನಮ್ಮ ನಾಡಿಗೂ ಬಂದಿದ್ದಾರೆ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಜನರ ಹಿರಿಯರು ಹೆಚ್ಚಾಗಿ ಆಫ್ರಿಕಾದ ಪೂರ್ವ ದಡದವರು. ಅದು ಬೇರೆಯೇ ದಾರಿ, ಬೇರೆಯೇ ಬರಹ ಬೇಡುವ ವಿಷಯ.

ಮೊಲಣ್ಣ, ನರಿಯಣ್ಣ

ಕೆರೊಲಿನಾ, ಜಾರ್ಜಿಯಾ ಕಡೆ ಪೈನ್ ಕಾಡು ದಟ್ಟ. ಪೈನ್ ಮರವನ್ನು ಮಣ್ಣು ಮುಚ್ಚಿ ನಿಧಾನವಾಗಿ ಸುಟ್ಟು ಟಾರು ಇಳಿಸುತ್ತಿದ್ದರು. ಮರದ ಹಡಗುಗಳಿಗೆ, ಹಗ್ಗಗಳಿಗೆ ಅದು ಬೇಕಿತ್ತು. ಆ ಕೊಳೆ ಕೆಲಸ ಬಹುಪಾಲು ಗುಲಾಮರದು. ಹಾಗಾಗಿ ಕಥೆಯ ಮರದ ಹಾಲು ಅಲ್ಲಿ ಟಾರು ಆಯಿತು. ಕೈಗೆ ಏನು ಮೆತ್ತಿಕೊಳ್ಳುತ್ತಿತ್ತೋ ಅದೇ ಕಥೆಗೂ ಬಂತು.

ಇದನ್ನು ಮೊದಲು ಲೋಕಕ್ಕೆಲ್ಲ ತಿಳಿಯುವ ಹಾಗೆ ಅಚ್ಚು ಹಾಕಿದವನು ಜೋಯೆಲ್ ಚಾಂಡ್ಲರ್ ಹ್ಯಾರಿಸ್. ಬಿಳಿಯ. ಜಾರ್ಜಿಯಾದ ಈಟನ್‌ಟನ್ ಊರಿನ ಬಡ ಹುಡುಗ. 1862ರಲ್ಲಿ ಟರ್ನ್‌ವೋಲ್ಡ್ ಎನ್ನುವ ತೋಟದಲ್ಲಿ ಅಚ್ಚು ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದ. ತೋಟದ ಒಡೆಯ ಅಲ್ಲೇ ಒಂದು ವಾರಪತ್ರಿಕೆ ನಡೆಸುತ್ತಿದ್ದ. ಕೆಲಸ ಮುಗಿದ ಮೇಲೆ ಹುಡುಗ ಗುಲಾಮರ ಗುಡಿಸಲುಗಳ ಕಡೆ ಹೋಗಿ ಕೂರುತ್ತಿದ್ದ. ಜಾರ್ಜ್ ಟೆರೆಲ್, ಮುದುಕ ಹಾರ್ಬರ್ಟ್, ಕ್ರಿಸಿ ಅತ್ತೆ ಅವನಿಗೆ ಕಥೆ ಹೇಳಿದರು. 1879ರಲ್ಲಿ ಅವನು ಅವನ್ನು ಅಟ್ಲಾಂಟಾದ ಪತ್ರಿಕೆಯಲ್ಲಿ ಬರೆಯಲು ಶುರು ಮಾಡಿದ. 1880ರ ಕೊನೆಯಲ್ಲಿ ಪುಸ್ತಕ ಬಂತು. ಅದರಲ್ಲಿ 'ರಿಮಸ್ ಅಂಕಲ್' ಎನ್ನುವ ಮುದಿ ಕಪ್ಪು ಆಳು, ಒಡತಿಯ ಮಗನಿಗೆ ಕಥೆ ಹೇಳುತ್ತಾನೆ.

ಅಲ್ಲಿನ ಪ್ರಾಣಿಗಳೆಲ್ಲ ಒಬ್ಬರಿಗೊಬ್ಬರು ಅಣ್ಣ. ನರಿಯಣ್ಣ ಟಾರಿಗೆ ಟರ್ಪೆಂಟೈನ್ ಬೆರೆಸಿ ಗೊಂಬೆ ಮಾಡಿ ರಸ್ತೆಯಲ್ಲಿ ಕೂರಿಸುತ್ತಾನೆ. ತಾನು ಪೊದೆಯಲ್ಲಿ ಅಡಗುತ್ತಾನೆ. ಮೊಲಣ್ಣ ಕುಪ್ಪಳಿಸುತ್ತಾ ಬರುತ್ತಾನೆ. ಬೆಳಗಿನ ನಮಸ್ಕಾರ ಹೇಳುತ್ತಾನೆ. ಹವೆ ಚೆನ್ನಾಗಿದೆ ಅನ್ನುತ್ತಾನೆ. ಮೈ ಹುಷಾರಾಗಿದೆಯಾ ಅಂತ ವಿಚಾರಿಸುತ್ತಾನೆ. ಗೊಂಬೆ ಸುಮ್ಮನೆ. ನರಿಯಣ್ಣ ಸುಮ್ಮನೆ. "ಕಿವುಡಾ ನಿನಗೆ? ಕಿವುಡಾದರೆ ಜೋರಾಗಿ ಹೇಳ್ತೀನಿ." ಆಗಲೂ ಇಲ್ಲ. "ದೊಡ್ಡವರ ಹತ್ತಿರ ಹೇಗೆ ಮಾತಾಡಬೇಕು ಅಂತ ಕಲಿಸ್ತೀನಿ ತಾಳು." ಕೈ ಬೀಸುತ್ತಾನೆ.

ಓಡುಮ್ ಮರದ ಬುಡದ ಕಿನ್ನರಿಯನ್ನು ನೆನಪಿಸಿಕೊಳ್ಳಿ. ಅಂಟು ಬದಲಾಗಿದೆ, ಪ್ರಾಣಿ ಬದಲಾಗಿದೆ, ಭಾಷೆ ಬದಲಾಗಿದೆ. ಮಾತಾಡಿಸಿದಾಗ ಉತ್ತರ ಬರಲಿಲ್ಲ ಎನ್ನುವ ಅವಮಾನ ಮಾತ್ರ ಹಾಗೇ ಇದೆ. ಈ ಮಾತನ್ನು ಗುಲಾಮರ ಗುಡಿಸಲಿನಲ್ಲಿ ಕೇಳಿಸಿಕೊಂಡು ನೋಡಿ. ಬಿಳಿಯನಿಗೆ ಟೊಪ್ಪಿ ತೆಗೆದು ನಮಸ್ಕಾರ ಹೇಳದಿದ್ದರೆ ಬಾರುಕೋಲು ಬೀಳುತ್ತಿದ್ದ ಜಾಗ ಅದು. ಮರ್ಯಾದೆ ಕೊಡಲಿಲ್ಲ ಅಂತ ಸಿಟ್ಟಾಗಿ ಹೊಡೆಯಲು ಹೋದವನು ತಾನೇ ಸಿಕ್ಕಿಬೀಳುತ್ತಾನೆ, ಸುಮ್ಮನೆ ಇದ್ದವನಿಗೆ ಏನೂ ಆಗುವುದಿಲ್ಲ. ಆ ಕತ್ತಲಲ್ಲಿ ಕುಳಿತವರು ಇದನ್ನು ಕೇಳಿ ಯಾಕೆ ನಕ್ಕರು ಅಂತ ನನಗೆ ಅರ್ಥವಾಗುತ್ತದೆ.

ಕಥೆಯ ಕೊನೆಯೂ ಬದಲಾಯಿತು. ಹೊಲದ ಕಥೆಯಲ್ಲಿ ಅನಾನ್ಸೆ ನಾಚಿ ಮೂಲೆ ಸೇರಿದ್ದ. ತನ್ನವರಿಗೇ ಮೋಸ ಮಾಡಿದವನಿಗೆ ತನ್ನವರ ಮುಂದೆ ಆದ ನಾಚಿಕೆ ಅದು. ಮೊಲಣ್ಣನಿಗೆ ಎದುರಿಗೆ ಇರುವುದು ಅವನನ್ನು ಸುಟ್ಟು ತಿನ್ನುವ ನರಿ. ಅಲ್ಲಿ ನಾಚಿಕೊಂಡು ಪ್ರಯೋಜನವಿಲ್ಲ, ತಪ್ಪಿಸಿಕೊಳ್ಳಬೇಕು. "ಸುಡು, ನೇಣು ಹಾಕು, ಮುಳುಗಿಸು, ಚರ್ಮ ಸುಲಿ, ಏನಾದರೂ ಮಾಡು. ಆ ಮುಳ್ಳುಪೊದೆಗೆ ಮಾತ್ರ ಎಸೆಯಬೇಡ" ಅಂತ ಬೇಡಿಕೊಳ್ಳುತ್ತಾನೆ. ನರಿ ಎಸೆಯುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ ಗುಡ್ಡದ ಮೇಲಿಂದ ದನಿ ಬರುತ್ತದೆ: ನಾನು ಹುಟ್ಟಿ ಬೆಳೆದದ್ದೇ ಮುಳ್ಳುಪೊದೆಯಲ್ಲಿ ಕಣೋ ನರಿಯಣ್ಣ! ನೀರಿಗೆ ಮಾತ್ರ ಹಾಕಬೇಡಿ ಅಂತ ಬೇಡುವ ಆಮೆಯ ಕಥೆ ಆಫ್ರಿಕಾದಲ್ಲೂ ಇದೆ, ಬುದ್ಧನ ಹಿಂದಿನ ಜನ್ಮಗಳನ್ನು ಹೇಳುವ ನಮ್ಮ ಜಾತಕ ಕಥೆಗಳಲ್ಲೂ ಇದೆ. ಜಾರ್ಜಿಯಾದ ಹೇಳಿಕೆಯಲ್ಲಿ ಗೊಂಬೆಯ ಬಲೆ ಮತ್ತು ಈ ಬೇಡಿಕೆ ಎರಡೂ ಕೂಡಿಕೊಂಡು ಗಟ್ಟಿಯಾಗಿವೆ.

ಚೆರೋಕಿ ಪತ್ರಿಕೆ

ಹ್ಯಾರಿಸ್‌ನ ಪುಸ್ತಕಕ್ಕೆ 35 ವರ್ಷ ಮೊದಲೇ ಈ ಕಥೆ ಅಚ್ಚಾಗಿತ್ತು. 1845ರ ಡಿಸೆಂಬರ್ 18ರಂದು, ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಜನ ತಹ್ಲೆಕ್ವಾ ಎನ್ನುವ ಊರಿನಲ್ಲಿ ನಡೆಸುತ್ತಿದ್ದ ಪತ್ರಿಕೆಯಲ್ಲಿ. ಅದರಲ್ಲಿ ಬರಗಾಲ ಬಂದಿದೆ. ಪ್ರಾಣಿಗಳೆಲ್ಲ ಸೇರಿ ಬಾವಿ ತೋಡುತ್ತವೆ. ಮೊಲ ಕೆಲಸಕ್ಕೆ ಬರುವುದಿಲ್ಲ, ರಾತ್ರಿ ಬಂದು ನೀರು ಕದಿಯುತ್ತದೆ. ನರಿ ಮತ್ತು ತೋಳ ಟಾರಿನಿಂದ ಒಂದು ತೋಳನ ಬೊಂಬೆ ಮಾಡಿ ಬಾವಿಯ ಹತ್ತಿರ ನಿಲ್ಲಿಸುತ್ತವೆ.

ಚೆರೋಕಿಗಳ ಕಥೆಗಳನ್ನು 1900ರಲ್ಲಿ ಪ್ರಕಟಿಸಿದ ಜೇಮ್ಸ್ ಮೂನಿ, ಈ ಮೊಲದ ಕಥೆಗಳು ಮೂಲನಿವಾಸಿಗಳಿಂದ ಕಪ್ಪು ಜನರಿಗೆ ಹೋಗಿರಬೇಕು ಅಂತ ವಾದಿಸಿದರು. ಮೊಲ ಅಲ್ಲಿನ ಮೂಲನಿವಾಸಿಗಳ ಕಥೆಗಳಲ್ಲಿ ಮೊದಲಿಂದಲೂ ಇದ್ದದ್ದು ನಿಜ. ಆದರೆ ಸಿರಿವಂತ ಚೆರೋಕಿಗಳ ಮನೆಯಲ್ಲಿ ಆಫ್ರಿಕನ್ ಗುಲಾಮರಿದ್ದರು. 1838ರಲ್ಲಿ ಸರ್ಕಾರ ಚೆರೋಕಿಗಳನ್ನು ಊರು ಬಿಡಿಸಿ ಪಶ್ಚಿಮಕ್ಕೆ ಓಡಿಸಿದಾಗ, ಆ ಗುಲಾಮರೂ ಜೊತೆಗೆ ನಡೆದರು. ಬಾವಿ ತೋಡಿದ ಪ್ರಾಣಿಗಳು, ನೀರು ಕದ್ದ ಮೊಲ, ಇದು ಆಫ್ರಿಕಾದ ದಕ್ಷಿಣದಲ್ಲೂ ಇರುವ ಕಥೆ. ಘಾನಾ, ಯೊರುಬಾ ನಾಡು, ಬ್ರೆಜಿಲ್, ಜಮೈಕಾ ಎಲ್ಲ ಕಡೆ ಇರುವ ಗೊಂಬೆ ಚೆರೋಕಿಗಳಿಂದ ಅಲ್ಲಿಗೆಲ್ಲ ಹೋಯಿತು ಅನ್ನುವುದು ಕಷ್ಟ.

ಭಾರತದ ಹಕ್ಕು

ಇನ್ನು ನಮ್ಮ ಕಡೆಯ ವಿಷಯ. 1892ರಲ್ಲಿ ಜನಪದ ಕಥೆಗಳ ಸಂಗ್ರಹಕಾರ ಜೋಸೆಫ್ ಜೇಕಬ್ಸ್ ಭಾರತದ ಕಥೆಗಳ ಒಂದು ಸಂಕಲನ ತಂದರು. ಅದರಲ್ಲಿ ಪಾಲಿ ಜಾತಕಗಳ 55ನೆಯದಾದ ಪಂಚಾವುಧ ಜಾತಕ ಇತ್ತು. ಜಾರ್ಜಿಯಾದ ಗೊಂಬೆಯ ಬೇರು ಇಲ್ಲೇ ಇದೆ ಅಂತ ಅವರು ಹೇಳಿದರು. ಎತ್ತಣ ಮಾಮರ, ಎತ್ತಣ ಕೋಗಿಲೆ!

ಜಾತಕ ಹೀಗಿದೆ. ಕಾಶಿಯ ರಾಜಕುಮಾರ ಪಂಚಾಯುಧ ತಕ್ಷಶಿಲೆಯಲ್ಲಿ ವಿದ್ಯೆ ಮುಗಿಸಿ, ಐದು ಆಯುಧ ಹಿಡಿದು ಊರಿಗೆ ಬರುತ್ತಿದ್ದಾನೆ. ಕಾಡಿನಲ್ಲಿ ಸಿಲೇಸಲೋಮ ಎನ್ನುವ ಯಕ್ಷ ಅಡ್ಡ ಬರುತ್ತಾನೆ. ಹೆಸರಿನ ಅರ್ಥವೇ ಅಂಟು ರೋಮದವನು. ಬಾಣ ಬಿಟ್ಟರೆ ರೋಮಕ್ಕೆ ಅಂಟುತ್ತದೆ. ಕತ್ತಿ, ಈಟಿ, ಗದೆ ಎಲ್ಲ ಅಂಟುತ್ತವೆ. ಬಲಗೈಯಿಂದ ಗುದ್ದುತ್ತಾನೆ, ಎಡಗೈಯಿಂದ ಗುದ್ದುತ್ತಾನೆ, ಒದೆಯುತ್ತಾನೆ, ತಲೆಯಿಂದ ಹಾಯುತ್ತಾನೆ. ಐದೂ ಕಡೆ ಅಂಟಿ ನೇತಾಡುತ್ತಾನೆ. ಆದರೂ ಹೆದರುವುದಿಲ್ಲ. ನನ್ನ ಹೊಟ್ಟೆಯಲ್ಲಿ ವಜ್ರಾಯುಧ ಇದೆ, ತಿಂದರೆ ನೀನೂ ಸಾಯುತ್ತೀಯ ಅನ್ನುತ್ತಾನೆ. ಯಕ್ಷ ಬಿಟ್ಟುಬಿಡುತ್ತಾನೆ. ಪಾಲಿ ಸುತ್ತಗಳಲ್ಲಿ, ಅಂದರೆ ಬುದ್ಧನ ಉಪದೇಶಗಳಲ್ಲಿ, ಇನ್ನೊಂದು ಇದೆ: ಬೇಟೆಗಾರರು ಇಟ್ಟ ಅಂಟಿಗೆ ಕೋತಿಯ ಕೈ, ಕಾಲು, ಮೂತಿ ಒಂದೊಂದಾಗಿ ಸಿಕ್ಕಿಕೊಳ್ಳುತ್ತದೆ.

ಸ್ಟ್ಯಾನ್‌ಫೋರ್ಡ್‌ನ ಪ್ರಾಧ್ಯಾಪಕ ಅವ್ರೇಲಿಯೊ ಎಸ್ಪಿನೋಸಾ ಈ ವಾದಕ್ಕೆ ಜೀವನದ ಎಷ್ಟೋ ವರ್ಷ ಕೊಟ್ಟರು. 1930ರಲ್ಲಿ 150ಕ್ಕೂ ಹೆಚ್ಚು, 1943ರ ಹೊತ್ತಿಗೆ 250ಕ್ಕೂ ಹೆಚ್ಚು ರೂಪಗಳನ್ನು ಕೂಡಿಸಿ, ಮೂಲ ಭಾರತವೇ ಅಂದರು. ಸಂಸ್ಕೃತ ವಿದ್ವಾಂಸ ಡಬ್ಲ್ಯು. ನಾರ್ಮನ್ ಬ್ರೌನ್ ಒಪ್ಪಲಿಲ್ಲ.

ಓದಿದಾಗ ನನಗೂ ಮೊದಲು ಹೆಮ್ಮೆಯೇ ಆಯಿತು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಐದು ಕಡೆ ಅಂಟುವುದು ಜಾತಕದಲ್ಲಿ ಖಂಡಿತ ಇದೆ. ಆದರೆ ಗೊಂಬೆ ಇಲ್ಲ. ಮರೆಯಲ್ಲಿ ಕುಳಿತವನು ಇಲ್ಲ. ನಮಸ್ಕಾರ ಇಲ್ಲ, ಉತ್ತರ ಬಾರದ ಸಿಟ್ಟು ಇಲ್ಲ. ಅಲ್ಲಿನ ಅಂಟು ಮಾತಾಡುವ ಯಕ್ಷನದೇ ಮೈ. ಕುಮಾರ ಕಿಲಾಡಿಯೂ ಅಲ್ಲ, ಧೀರ. ಅಂಟಿನಿಂದ ಹಕ್ಕಿ, ಕೋತಿ ಹಿಡಿಯುವ ವಿದ್ಯೆ ಕಾಡು ಇರುವ ಕಡೆಯೆಲ್ಲ ಇತ್ತು. ಕೈ ಬಿಡಿಸಲು ಹೋಗಿ ಕಾಲೂ ಸಿಕ್ಕಿಕೊಳ್ಳುವುದನ್ನು ಕಂಡವರು ಎಲ್ಲಿ ಬೇಕಾದರೂ ಕಥೆ ಕಟ್ಟಬಹುದು. ಹಿಂದೂ ಮಹಾಸಾಗರದ ವ್ಯಾಪಾರದ ಜೊತೆ ಕಥೆಗಳು ಆಚೀಚೆ ಹೋಗಿವೆ, ಇಲ್ಲ ಅನ್ನುವುದಿಲ್ಲ. ಅಂಟು ಇಲ್ಲಿಂದಲೇ ಹೋಗಿದ್ದರೂ, ಮಾತಾಡದ ಗೊಂಬೆ ಪಶ್ಚಿಮ ಆಫ್ರಿಕಾದವರದು ಅಂತಲೇ ನನ್ನ ತೀರ್ಮಾನ.

ಇದರಲ್ಲಿ ಇನ್ನೂ ಒಂದು ತೊಡಕು ಇದೆ. ಅಮೆರಿಕದ ಕಪ್ಪು ಜನರಿಗೆ ತಮ್ಮದು ಅಂತ ಏನೂ ಉಳಿದಿಲ್ಲ, ಗುಲಾಮಗಿರಿ ಎಲ್ಲವನ್ನೂ ಅಳಿಸಿತು ಅಂತ ದೊಡ್ಡ ವಿದ್ವಾಂಸರೇ ನಂಬಿದ್ದ ಕಾಲ ಅದು. ಮಾನವಶಾಸ್ತ್ರಜ್ಞ ಮೆಲ್ವಿಲ್ ಹರ್ಸ್ಕೊವಿಟ್ಸ್ 1941ರಲ್ಲಿ ಅದನ್ನು ಎದುರಿಸಿ ಬರೆದರು. ಅಷ್ಟಾದ ಮೇಲೂ ಜಾನಪದ ವಿದ್ವಾಂಸ ರಿಚರ್ಡ್ ಡಾರ್ಸನ್ 1967ರಲ್ಲಿ, ಈ ಕಥೆಗಳು ಆಫ್ರಿಕಾದಿಂದ ಬಂದವಲ್ಲ ಅಂತಲೇ ಬರೆದರು. 1980ರಲ್ಲಿ ಸಂಶೋಧಕಿ ಫ್ಲಾರೆನ್ಸ್ ಬೇರ್, ಹ್ಯಾರಿಸ್‌ನ ಕಥೆಗಳನ್ನು ಒಂದೊಂದಾಗಿ ಬಿಡಿಸಿ ಹುಡುಕಿದಾಗ, ಸುಮಾರು ಮೂರರಲ್ಲಿ ಎರಡು ಪಾಲು ಆಫ್ರಿಕಾ ಮೂಲದವು ಅಂತ ಕಂಡಿತು. ಮೂಲ ಭಾರತ, ಮೂಲ ಯುರೋಪ್, ಮೂಲ ಚೆರೋಕಿ. ಯಾವುದನ್ನೇ ಹೇಳಿದರೂ, ಕಥೆಯನ್ನು ಹೊತ್ತು ತಂದವರ ಕೈಯಿಂದ ಅದು ಜಾರಿಹೋಗುತ್ತಿತ್ತು. ನಮ್ಮ ದೇಶದ ಹೆಸರು ಆ ಕೆಲಸಕ್ಕೆ ಬಳಕೆಯಾದದ್ದು ನನಗೆ ಹಿಡಿಸುವುದಿಲ್ಲ.

ನಾರ್‌ಕ್ರಾಸ್ ಸ್ಟೇಷನ್

ಹ್ಯಾರಿಸ್‌ನ ವಿಷಯಕ್ಕೆ ಮತ್ತೆ ಬರಬೇಕು. ಅವನು ಪೂರ್ತಿ ಕುರುಡನಾಗಿರಲಿಲ್ಲ. ಈ ಕಥೆಗಳು ಆಫ್ರಿಕಾದವು ಅಂತ ಮೊದಲ ಪುಸ್ತಕದಲ್ಲೇ ಬರೆದ. ಎಲ್ಲಕ್ಕಿಂತ ದುರ್ಬಲ ಪ್ರಾಣಿಯಾದ ಮೊಲವನ್ನು ಕಪ್ಪು ಜನ ನಾಯಕನಾಗಿ ಆರಿಸಿಕೊಂಡದ್ದು ಯಾಕೆ ಅಂತಲೂ ಅವನಿಗೆ ಹೊಳೆದಿತ್ತು. ಆದರೆ ಆ ಕಥೆಗಳನ್ನು ಅವನು ಇಟ್ಟ ಚೌಕಟ್ಟು ಬೇರೆ: ಗುಲಾಮಗಿರಿಯ ಕಾಲವನ್ನು ಅಕ್ಕರೆಯಿಂದ ನೆನೆಯುವ ಮುದುಕ, ಅವನ ಕಾಲ ಬಳಿ ಒಡೆಯರ ಮಗು. ಅದೇ ಈಟನ್‌ಟನ್‌ನಲ್ಲಿ 1944ರಲ್ಲಿ ಹುಟ್ಟಿದ ಕಪ್ಪು ಲೇಖಕಿ ಆಲಿಸ್ ವಾಕರ್, ಅವನು ತನ್ನ ಪರಂಪರೆಯ ಒಂದು ಪಾಲನ್ನು ಕದ್ದ ಅಂತ ನೇರವಾಗಿ ಹೇಳಿದ್ದಾರೆ. ಅಪ್ಪ ಅಮ್ಮನ ಬಾಯಲ್ಲಿ ಕೇಳಿದ ಕಥೆ, ಮಕ್ಕಳಿಗೆ ನಾಚಿಕೆಯ ವಸ್ತುವಾಗಿ ವಾಪಸ್ ಬಂದರೆ ಹೇಗಿರುತ್ತದೆ? ಅವರ ಸಿಟ್ಟು ನ್ಯಾಯವಾದದ್ದು.

ಹ್ಯಾರಿಸ್ ಇಲ್ಲದಿದ್ದರೆ ಕಥೆ ಅಳಿಯುತ್ತಿತ್ತು ಅಂತ ಕೆಲವರು ಹೇಳುತ್ತಾರೆ. ಅದಕ್ಕೆ ಉತ್ತರ ಹ್ಯಾರಿಸ್‌ನ ಎರಡನೆಯ ಪುಸ್ತಕದ ಮುನ್ನುಡಿಯಲ್ಲೇ ಇದೆ. 1883ರ ಪುಸ್ತಕ ಅದು.

1882ರ ಬೇಸಿಗೆ. ಅಟ್ಲಾಂಟಾದಿಂದ ಸುಮಾರು 20 ಮೈಲಿ ದೂರದ ನಾರ್‌ಕ್ರಾಸ್ ಎನ್ನುವ ಸಣ್ಣ ಸ್ಟೇಷನ್. ರಾತ್ರಿ. ಹ್ಯಾರಿಸ್ ರೈಲಿಗೆ ಕಾಯುತ್ತಿದ್ದಾನೆ. ಹಳಿ ಕೆಲಸದ ಕಪ್ಪು ಆಳುಗಳು ಅಲ್ಲಲ್ಲಿ ಕುಳಿತು ಹರಟುತ್ತಾ ನಗುತ್ತಿದ್ದಾರೆ. ಅವನು ಹೋಗಿ ಅವರಲ್ಲಿ ಚೂಟಿಯಾಗಿ ಮಾತಾಡುತ್ತಿದ್ದ ಒಬ್ಬನ ಪಕ್ಕ ಕೂರುತ್ತಾನೆ. ಕಥೆ ಹೇಳಿ ಅಂತ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ ಅಂತ ಅವನಿಗೆ ಅನುಭವದಿಂದ ಗೊತ್ತು. ಹಾಗಾಗಿ ತಾನೇ ತಗ್ಗಿದ ದನಿಯಲ್ಲಿ ಒಂದು ಕಥೆ ಶುರು ಮಾಡುತ್ತಾನೆ. ಅಂಟುಗೊಂಬೆಯ ಕಥೆ.

ಪಕ್ಕದವನಿಗೆ ತಡೆಯಲಾಗುವುದಿಲ್ಲ. ನಡುನಡುವೆ ಉದ್ಗಾರ ತೆಗೆಯುತ್ತಾನೆ, ಭಲೇ ಅನ್ನುತ್ತಾನೆ. ಉಳಿದವರು ಹತ್ತಿರ ಸರಿಯುತ್ತಾರೆ. ಕಥೆ ಮುಗಿಯುವ ಹೊತ್ತಿಗೆ ಇನ್ನೊಬ್ಬನಿಗೆ ಇನ್ನೊಂದು ನೆನಪಾಗಿದೆ. ಅವನದು ಮುಗಿದರೆ ಮತ್ತೊಬ್ಬ. ಒಬ್ಬರನ್ನೊಬ್ಬರು ಮೀರಿಸುವ ಹಾಗೆ ಹೇಳುತ್ತಾರೆ. ಸುಮಾರು ಎರಡು ತಾಸು, ಮೂವತ್ತಕ್ಕೂ ಹೆಚ್ಚು ಜನ. ಕತ್ತಲು ಇದ್ದದ್ದರಿಂದ ಅವರ ಮಾತಿಗೆ ಇನ್ನಷ್ಟು ಬಿಡುವು ಸಿಕ್ಕಿತು ಅಂತ ಹ್ಯಾರಿಸ್ ಬರೆದಿದ್ದಾನೆ.

ಅವನು ಎಷ್ಟೋ ವರ್ಷದಿಂದ ಹುಡುಕಿ ಕೂಡಿಸುತ್ತಿದ್ದದ್ದು ಅಲ್ಲಿ, ಹಳಿ ಕೆಲಸದವರ ಬಾಯಲ್ಲಿ, ಸುಮ್ನೆ ಒಂದು ರಾತ್ರಿ ಹೊತ್ತು ಕಳೆಯಲು ಬೇಕಾದಷ್ಟು ಇತ್ತು. ಆ ಮುನ್ನುಡಿಯಲ್ಲಿ ಸ್ಟೇಷನ್ನಿನ ಹೆಸರಿದೆ, ರೈಲು ದಾರಿಯ ಹೆಸರಿದೆ. ಕಥೆ ಹೇಳಿದವರಲ್ಲಿ ಒಬ್ಬನ ಹೆಸರೂ ಇಲ್ಲ.